ಬೆಸುಗೆಗಲ್ಲ, ತೊಳೆಯೋದಕ್ಕೆ ಕಾಸು ಕೊಡಿ

ಬೈಕಿನ ಪೆಟ್ರೋಲ್ ಟ್ಯಾಂಕ್ ಜಿನುಗೋಕೆ ಶುರುವಾದರೆ ನಮ್ಮ ಹಳ್ಳಿಗಳ ಕಡೆ ಮೊದಲು ಹುಡುಕೋದು ಮೆಕ್ಯಾನಿಕ್‌ನನ್ನಲ್ಲ, ಬಟ್ಟೆ ಸೋಪನ್ನ. ಬಾರ್ ಸೋಪಿನ ಒಂದು ಚೂರು ಮುರಿದು, ತೂತಿನ ಮೇಲೆ ಒತ್ತಿ ತಿಕ್ಕಿದರೆ ಸೋರೋದು ನಿಲ್ಲುತ್ತೆ. ಇದನ್ನ ನಾನು ಲೇವಡಿ ಮಾಡ್ತಿಲ್ಲ. ಸೋಪು ನೀರಿಗೆ ಕರಗುತ್ತೆ, ಪೆಟ್ರೋಲ್‌ಗೆ ಸುಲಭಕ್ಕೆ ಕರಗಲ್ಲ. ಅದಕ್ಕೇ ಅದು ನಿಲ್ಲೋದು. ತೋಟದಿಂದ ಮನೆಗೆ, ಮನೆಯಿಂದ ಪೇಟೆಯ ಗ್ಯಾರೇಜಿಗೆ ಹೋಗಿ ಸೇರೋಕೆ ಇಷ್ಟು ಸಾಕು.

ಆದರೆ ನಾವು ಗ್ಯಾರೇಜಿಗೆ ಹೋಗಲ್ಲ. ಮಳೆ ಬಂದು ಸೋಪು ಕರಗಿದರೆ ಇನ್ನೊಂದು ಚೂರು ಹಚ್ಚುತ್ತೇವೆ. ಆಮೇಲೆ ಅದರ ಮೇಲೆ ಎಂ-ಸೀಲ್ ಮೆತ್ತುತ್ತೇವೆ. ಎಂ-ಸೀಲ್ ಎದ್ದು ಬಂದರೆ ಅದರ ಮೇಲೆ ಇನ್ನೊಂದು ಪದರ. ಕೊನೆಗೆ ಟ್ಯಾಂಕಿನ ಹೊಟ್ಟೆ ನೋಡಿದರೆ ಗೋಡೆಗೆ ಕಣಜದ ಹುಳ ಗೂಡು ಕಟ್ಟಿದ ಹಾಗೆ ಕಾಣುತ್ತೆ. ಆರು ತಿಂಗಳು, ಒಂದು ವರ್ಷ ಹೀಗೇ ತಳ್ಳಿ, ಇನ್ನು ಆಗಲ್ಲ ಅನ್ನಿಸಿದ ದಿನ ವೆಲ್ಡಿಂಗ್ ಅಂಗಡಿಗೆ ಹೋಗಿ, "ಅಣ್ಣ, ಒಂದು ಚುಕ್ಕೆ ಹಾಕ್ಕೊಡು, ಬೇಗ ಹೋಗ್ಬೇಕು, ಡೇರಿ ಟೈಮಾಯ್ತು" ಅಂತೀವಿ.

ಈ 'ಬೇಗ' ಅನ್ನೋ ಮಾತಿನ ಬಗ್ಗೆಯೇ ನನ್ನ ತಕರಾರು. ಅದಕ್ಕೆ ಬರ್ತೀನಿ. ಅದಕ್ಕೂ ಮೊದಲು, ಸೋಪು ಹಚ್ಚಿದ ಬೈಕು ರಾತ್ರಿ ಎಲ್ಲಿ ನಿಲ್ಲುತ್ತೆ ನೋಡಿ.

ನಾನು ಸುದ್ದಿಗೆ ಅಂತ ಓಡಾಡೋ ಅರಸೀಕೆರೆ, ತಿಪಟೂರು ಸೀಮೆಯಲ್ಲಿ ಬೈಕು ಅಂಗಳದಲ್ಲಿ ಮಲಗೋದು ಕಡಿಮೆ. ಕಳ್ಳರ ಭಯ, ಇಬ್ಬನಿ, ಮಳೆ. ಹೊಸ್ತಿಲಿಗೆ ಒಂದು ಹಲಗೆ ಇಟ್ಟು ನಡುಮನೆಗೇ ಹತ್ತಿಸಿಬಿಡ್ತಾರೆ. ಅಲ್ಲೇ ಮಕ್ಕಳು ಮಲಗೋದು, ಅಲ್ಲೇ ದೇವರ ಗೂಡಿನಲ್ಲಿ ದೀಪ. ನಾಲ್ಕು ಹೆಜ್ಜೆ ಆಚೆ ಅಡುಗೆಮನೆ. ಬೆಳಗಿನ ಜಾವ ಐದಕ್ಕೆ ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕಿ ಕಡ್ಡಿ ಗೀರುತ್ತಾರೆ. ಪೆಟ್ರೋಲ್ ಆವಿ ಕಣ್ಣಿಗೆ ಕಾಣಲ್ಲ. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮಾಡಿಗೆ ಏರಲ್ಲ, ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿಯುತ್ತೆ. ಹಳೇ ಮನೆಗಳಲ್ಲಿ ತಗ್ಗು ಅಂದರೆ ಬಹಳ ಸಲ ಬಚ್ಚಲೇ. ಬಾಗಿಲು ಕಿಟಕಿ ಮುಚ್ಚಿದ ಮನೆಯಲ್ಲಿ ಇಡೀ ರಾತ್ರಿ ಹನಿ ಹನಿ ಸೋರಿದ ಪೆಟ್ರೋಲ್, ಬೆಳಗ್ಗೆ ಕಡ್ಡಿ ಗೀರುವ ಅಮ್ಮನ ಕಾಲ ಬಳಿ ಇರುತ್ತೆ. ಟ್ಯಾಂಕ್ ರಿಪೇರಿಯನ್ನ ನಾವು ಬೈಕಿನ ಖರ್ಚು ಅಂತ ಲೆಕ್ಕ ಹಾಕ್ತೀವಿ. ಅದನ್ನ ಮನೆಯ ಖರ್ಚಿಗೆ ಬರೆಯಬೇಕು ಅಂತ ನನ್ನ ವಾದ. ಸೋರೋ ಬೈಕು ರಿಪೇರಿ ಆಗೋವರೆಗೂ ಕಳ್ಳರ ಭಯ ಇದ್ದರೂ ಪರವಾಗಿಲ್ಲ, ಹೊರಗೇ ನಿಲ್ಲಲಿ. ಚೈನು ಹಾಕಿ ಕಂಬಕ್ಕೆ ಬೀಗ ಜಡೀರಿ.

ಈಗ ತೂತಿನ ವಿಚಾರ. ಕಲ್ಲು ಹೊಡೆದೋ, ಬಿದ್ದೋ ತೂತಾದ ಟ್ಯಾಂಕ್ ನೂರಕ್ಕೆ ಒಂದೋ ಎರಡೋ ಇರಬಹುದು. ಮಿಕ್ಕವೆಲ್ಲ ಒಳಗಿನಿಂದ ತುಕ್ಕು ತಿಂದು ಆದವು. ಟ್ಯಾಂಕಿನ ತಗಡು ಒಂದು ಮಿಲಿಮೀಟರ್ ಆಸುಪಾಸು ದಪ್ಪ, ಅಷ್ಟೇ. ಹೊರಗಡೆ ಅಂದವಾದ ಬಣ್ಣ, ಸ್ಟಿಕ್ಕರ್, ದೇವರ ಹೆಸರು, ಮಗಳ ಹೆಸರು. ಒಳಗಡೆ ಬರಿ ಕಬ್ಬಿಣ. ನೀರು ಪೆಟ್ರೋಲ್‌ಗಿಂತ ಭಾರ, ಹಾಗಾಗಿ ಟ್ಯಾಂಕಿಗೆ ಹೋದ ನೀರು ತಳಕ್ಕೆ ಇಳಿದು ಮೂಲೆ ಹಿಡಿದು ಕೂರುತ್ತೆ. ತುಕ್ಕು ಅಲ್ಲಿಂದ ಶುರು. ಹೊರಗೆ ಸೂಜಿ ಮೊನೆಯಷ್ಟು ತೂತು ಕಂಡಾಗ ಒಳಗೆ ಅದರ ಸುತ್ತ ರೂಪಾಯಿ ಅಗಲ ತಗಡು ಸವೆದು ಬೀಡಿ ಎಲೆಯ ಹಾಗಾಗಿರುತ್ತೆ. ಸೋಪು, ಎಂ-ಸೀಲ್ ಯಾಕೆ ಬಹಳ ದಿನ ಬಾಳಲ್ಲ ಅಂದರೆ ಇದಕ್ಕೇ. ಮುಚ್ಚಿದ ತೂತಿನ ಪಕ್ಕದಲ್ಲೇ ಇನ್ನೊಂದು ತಯಾರಾಗ್ತಿರುತ್ತೆ.

ನೀರು ಎಲ್ಲಿಂದ ಬಂತು? ಮುಚ್ಚಳದ ರಬ್ಬರ್ ಒಣಗಿ ಸೀಳಿರುತ್ತೆ. ವಾಟರ್ ಸರ್ವೀಸ್‌ನಲ್ಲಿ ಪೈಪು ನೇರ ಮುಚ್ಚಳಕ್ಕೇ ಹಿಡಿದಿರ್ತಾರೆ. ಮುಚ್ಚಳದ ಸುತ್ತ ನಿಂತ ಮಳೆನೀರು ಕೆಳಗೆ ಹರಿದುಹೋಗಲಿ ಅಂತ ಕೆಲವು ಗಾಡಿಗಳಲ್ಲಿ ಒಂದು ಸಣ್ಣ ಕಿಂಡಿ ಕೊಟ್ಟಿರ್ತಾರೆ, ಅದು ಧೂಳಿಂದ ಮುಚ್ಚಿಹೋಗಿರುತ್ತೆ. ಕಿರಾಣಿ ಅಂಗಡಿಯಲ್ಲಿ ತಂಪುಪಾನೀಯದ ಬಾಟಲಿಯಲ್ಲಿ ಮಾರೋ ಪೆಟ್ರೋಲ್ ಇದೆಯಲ್ಲ, ಆ ಬಾಟಲಿಯನ್ನ ಯಾರು ಒಣಗಿಸಿ ತುಂಬ್ತಾರೆ? ಇನ್ನೊಂದು ಮುಖ್ಯ ಕಾರಣ ಅರ್ಧ ಟ್ಯಾಂಕ್. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿರ್ತಾನೆ, ಬೈಕು ಕೊಟ್ಟಿಗೆಯ ಮೂಲೆಯಲ್ಲಿ. ಟ್ಯಾಂಕಿನ ಮೇಲರ್ಧ ಖಾಲಿ, ಅಲ್ಲಿ ಗಾಳಿ. ಹಗಲು ಬಿಸಿ, ರಾತ್ರಿ ತಂಪು. ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕೂತ ಹಾಗೆ ಟ್ಯಾಂಕಿನ ಒಳಮೈಗೂ ನೀರು ಬೆವರುತ್ತೆ. ಯುಗಾದಿಗೆ ನಿಲ್ಲಿಸಿ ಹೋದ ಬೈಕನ್ನ ದೀಪಾವಳಿಗೆ ಬಂದು ಕಿಕ್ ಹೊಡೆದರೆ ಏನಾಗಬೇಕೋ ಅದಾಗುತ್ತೆ.

"ಇದೆಲ್ಲ ಎಥನಾಲ್ ಪೆಟ್ರೋಲ್ ಬಂದಮೇಲೇ ಶುರುವಾಗಿದ್ದು ಸಾರ್" ಅಂತ ಗ್ಯಾರೇಜುಗಳಲ್ಲಿ ಹೇಳ್ತಾರೆ. ಅರ್ಧ ನಿಜ. ಇ20 ಪೆಟ್ರೋಲ್‌ಗೆ ಪ್ರಧಾನಿ ಚಾಲನೆ ಕೊಟ್ಟಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಈಗ ಬಂಕಿನಲ್ಲಿ ನಮಗೆ ಸಿಗೋ ಮಾಮೂಲಿ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಭಾಗದವರೆಗೂ ಎಥನಾಲ್ ಇರುತ್ತೆ. ಎಥನಾಲ್‌ಗೆ ನೀರು ಅಂದರೆ ಪ್ರೀತಿ. ಸ್ವಲ್ಪ ನೀರಾದರೆ ತನ್ನೊಳಗೇ ಕರಗಿಸಿಕೊಂಡು ಇಂಜಿನ್‌ಗೆ ಸಾಗಿಸಿಬಿಡುತ್ತೆ, ಅದು ಒಳ್ಳೇದೇ. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಎರಡೂ ಪೆಟ್ರೋಲ್ ಬಿಟ್ಟು ಬೇರೆಯಾಗಿ ಒಟ್ಟಿಗೇ ತಳಕ್ಕೆ ಕೂರ್ತವೆ. ದಿನಾ ಓಡಿಸೋ ಬೈಕಿಗೆ ಇದರ ಕಾಟ ಕಡಿಮೆ, ನಿಂತ ಬೈಕಿಗೆ ಹೆಚ್ಚು. ಜೊತೆಗೆ ಹಳೇ ಟ್ಯಾಂಕಿನಲ್ಲಿ ಅಂಟಿಕೊಂಡಿದ್ದ ಕಸವನ್ನೂ ಅದು ಬಿಡಿಸಿ ಕಾರ್ಬೊರೇಟರ್‌ಗೆ ತಳ್ಳುತ್ತೆ. ಹಳೇ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ಟುಗಳನ್ನ ಸ್ವಲ್ಪ ಬೇಗ ಬದಲಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಹಾಗಂತ ತುಕ್ಕನ್ನ ಎಥನಾಲ್ ಕಂಡುಹಿಡಿದಿಲ್ಲ. ಅದು ಬರೋಕೆ ಎಷ್ಟೋ ವರ್ಷ ಮುಂಚೆಯೇ ನಮ್ಮ ಊರುಗಳ ಯೆಜ್ಡಿ, ರಾಜದೂತ್ ಟ್ಯಾಂಕುಗಳು ತೂತಾಗ್ತಿದ್ದವು. ಕಬ್ಬು, ಮೆಕ್ಕೆಜೋಳ ಬೆಳೆಯೋ ರೈತನಿಗೆ ಎಥನಾಲ್‌ನಿಂದ ಎಷ್ಟು ಬಂತು, ಅದೇ ರೈತನ ಬೈಕಿನಿಂದ ಎಷ್ಟು ಹೋಯ್ತು ಅನ್ನೋದು ಬೇರೆಯೇ ಲೇಖನ. ಯಾರಾದರೂ ಬರೆದರೆ ಓದೋಕೆ ನಾನು ಮೊದಲಿಗ.

ಇನ್ನು 'ಬೇಗ' ಅನ್ನೋ ಮಾತಿಗೆ ಬರ್ತೀನಿ.

ನಮ್ಮ ಜನರಲ್ಲಿ ಒಂದು ನಂಬಿಕೆ ಇದೆ: ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೆ ಅಪಾಯ, ಖಾಲಿ ಮಾಡಿದರೆ ಅಪಾಯ ಇಲ್ಲ. ಇದು ತಲೆಕೆಳಗು. ಉರಿಯೋದು ಪೆಟ್ರೋಲ್‌ನ ದ್ರವ ಅಲ್ಲ, ಅದರ ಆವಿ. ಆವಿ ಸಿಡಿಯಬೇಕಾದರೆ ಅದಕ್ಕೆ ಗಾಳಿ ಬೇಕು. ನೂರು ಪಾಲು ಗಾಳಿಯಲ್ಲಿ ಸುಮಾರು ಒಂದೂವರೆ ಪಾಲಿನಿಂದ ಏಳೂವರೆ ಪಾಲಿನವರೆಗೆ ಪೆಟ್ರೋಲ್ ಆವಿ ಇದ್ದರೆ ಅದು ಸಿಡಿಯೋ ಹದ. ಹತ್ತು ಲೀಟರ್ ಟ್ಯಾಂಕಿನಲ್ಲಿ ಈ ಹದ ಬರೋಕೆ ಎಷ್ಟು ಪೆಟ್ರೋಲ್ ಬೇಕು ಗೊತ್ತಾ? ಅರ್ಧ ಟೀ ಚಮಚಕ್ಕಿಂತಲೂ ಕಡಿಮೆ. ನೀವು ಟ್ಯಾಂಕ್ ಬೋರಲು ಹಾಕಿ, ಕುಲುಕಿ, ಕೊನೇ ಹನಿವರೆಗೂ ಬಸಿದ ಮೇಲೂ ಅಂಚಿನ ಮಡಿಕೆಯಲ್ಲಿ, ತುಕ್ಕಿನ ಪದರದೊಳಗೆ ಅಷ್ಟು ಉಳಿದೇ ಇರುತ್ತೆ. ಖಾಲಿ ಟ್ಯಾಂಕ್ ಅಂದರೆ ನೀವೇ ಕೈಯಾರೆ ಗಾಳಿ ಬೆರೆಸಿ ಕೊಟ್ಟ ಬಾಂಬು. ಅದರ ಮೇಲೆ ಗ್ಯಾಸ್ ವೆಲ್ಡಿಂಗ್ ಜ್ವಾಲೆ ಇಟ್ಟರೆ, ಬಗ್ಗಿ ನೋಡ್ತಿರೋ ಮುಖ ಯಾರದು? ನಿಮ್ಮದಲ್ಲ, ಅಂಗಡಿಯವನದ್ದು.

ಬಿಸಿಲಿಗೆ ಒಂದು ದಿನ ಒಣಗಿಸಿದ್ದೀನಿ, ಏನೂ ಆಗಲ್ಲ ಅನ್ನೋರೂ ಇದ್ದಾರೆ. ತುಕ್ಕು ಪೆಟ್ರೋಲ್‌ನ ಹಿಡಿದಿಟ್ಟುಕೊಳ್ಳೋದು ಸ್ಪಂಜು ನೀರು ಹಿಡಿದ ಹಾಗೆ. ತಣ್ಣಗಿದ್ದಾಗ ವಾಸನೆ ಬರಲ್ಲ, ಜ್ವಾಲೆಯ ಕಾವು ತಾಗಿದ ಕೂಡಲೇ ಬಿಡುಗಡೆ ಆಗುತ್ತೆ.

ಇಂಥದ್ದು ನಡೆದಾಗ ಜಿಲ್ಲಾ ಪುಟದಲ್ಲಿ ಬರೋದು ಒಂದು ಕಾಲಂ ಸುದ್ದಿ. ಎಂಟು ಸಾಲು. ವೆಲ್ಡಿಂಗ್ ಮಾಡುವಾಗ ಬೈಕಿನ ಟ್ಯಾಂಕ್ ಸಿಡಿದು ಯುವಕನಿಗೆ ಗಾಯ, ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿಗೆ. ಅದರಲ್ಲಿ 'ಆಕಸ್ಮಿಕವಾಗಿ' ಅನ್ನೋ ಪದ ತಪ್ಪದೇ ಇರುತ್ತೆ. ಡಿಪ್ಲೊಮಾದಲ್ಲಿ ನಮಗೆ ಕಲಿಸಿದ್ದು ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಎಂಟು ಸಾಲಿನ ಸುದ್ದಿಯಲ್ಲಿ ಮೊದಲ ನಾಲ್ಕಕ್ಕೇ ಜಾಗ ಮುಗಿದುಹೋಗುತ್ತೆ. ಯಾಕೆ, ಹೇಗೆ ಅನ್ನೋದರ ಜಾಗಕ್ಕೆ ಈ 'ಆಕಸ್ಮಿಕ' ಬಂದು ಕೂರುತ್ತೆ. ಹತ್ತು ಸಲ ತೊಳೆಯದ ಟ್ಯಾಂಕಿಗೆ ಬೆಂಕಿ ಇಟ್ಟು, ಹನ್ನೊಂದನೇ ಸಲ ಅದು ಸಿಡಿದರೆ ಆಕಸ್ಮಿಕ ಅನ್ನಬೇಕಾದ್ದು ಮೊದಲ ಹತ್ತು ಸಲವನ್ನ.

ಯಾಕೆ ತೊಳೆಯಲ್ಲ? ವೆಲ್ಡರ್‌ಗೆ ಗೊತ್ತಿಲ್ಲ ಅಂತಲ್ಲ. ಬಹಳ ಜನಕ್ಕೆ ಚೆನ್ನಾಗೇ ಗೊತ್ತಿದೆ. ಆದರೆ ಲೆಕ್ಕ ನೋಡಿ. ಒಂದು ಚುಕ್ಕೆ ಬೆಸುಗೆಗೆ ನಾವು ಕೊಡೋದು ನೂರೋ ಇನ್ನೂರೋ ರೂಪಾಯಿ, ಅದರಲ್ಲೂ ಚೌಕಾಸಿ. ಬೆಸುಗೆ ಹಾಕೋಕೆ ಐದು ನಿಮಿಷ. ಸರಿಯಾಗಿ ತೊಳೆಯೋಕೆ ಅರ್ಧ ದಿನ. ಆ ಅರ್ಧ ದಿನಕ್ಕೆ ಯಾರೂ ಕಾಸು ಕೊಡಲ್ಲ. ಕೊಡದ ಕೆಲಸ ಅಂಗಡಿಯ ಚಿಕ್ಕ ಹುಡುಗನ ತಲೆಗೆ ಬೀಳುತ್ತೆ. ಅವನು ಒಂದು ಬಕೆಟ್ ನೀರು ಹುಯ್ದು, ಎರಡು ಸಲ ಕುಲುಕಿ, "ಆಯ್ತಣ್ಣ" ಅಂತಾನೆ. ಹದಿನೆಂಟು ತುಂಬದವರನ್ನ ಅಪಾಯಕಾರಿ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ 2016ರ ತಿದ್ದುಪಡಿ ಕಾಯ್ದೆ ಹೇಳುತ್ತೆ. ಶಾಲೆ ಬಿಟ್ಟ ಹುಡುಗ ಟ್ಯಾಂಕ್ ಹಿಡಿದು ನಿಂತಿರೋದನ್ನ ನಾವೆಲ್ಲ ನೋಡ್ತಲೇ ಇರ್ತೀವಿ.

ನಮ್ಮ ಕಡೆ ತೆಂಗಿನ ಮರ ಹತ್ತೋರಿಗೆ ಮರಕ್ಕಿಷ್ಟು ಅಂತ ಕೊಡ್ತೀವಿ. ಮರದಲ್ಲಿ ನಾಲ್ಕೇ ಕಾಯಿ ಇದ್ದರೂ ಮರದ ದುಡ್ಡು ಕೊಡಲೇಬೇಕು. ಕೊಡೋದು ಕಾಯಿಗಲ್ಲ, ಹತ್ತಿ ಇಳಿಯೋ ಜೀವಕ್ಕೆ ಅಂತ ನಮಗೆ ಗೊತ್ತು. ಟ್ಯಾಂಕಿನ ವಿಷಯದಲ್ಲಿ ಮಾತ್ರ ಚುಕ್ಕೆ ಎಣಿಸಿ ದುಡ್ಡು ಕೊಡ್ತೀವಿ. ಗ್ಯಾರೇಜಿನವರು ರೇಟು ಹೇಳುವಾಗ ತೊಳೆಯೋ ಕೂಲಿ ಇಷ್ಟು, ಬೆಸುಗೆ ಇಷ್ಟು ಅಂತ ಬೇರೆ ಬೇರೆ ಹೇಳಬೇಕು. ನಾವು ತೊಳೆಯೋ ಕೂಲಿಯಲ್ಲಿ ಒಂದು ರೂಪಾಯಿಯೂ ಚೌಕಾಸಿ ಮಾಡಬಾರದು. ಬೈಕು ಬೆಳಗ್ಗೆ ಬಿಟ್ಟು ಸಂಜೆ ತಗೊಳ್ಳೋದು. ಒಂದು ದಿನ ಹಾಲಿನ ಕ್ಯಾನು ಪಕ್ಕದ ಮನೆಯವರ ಗಾಡಿಯಲ್ಲಿ ಹೋಗಲಿ.

ಸರಿಯಾಗಿ ತೊಳೆಯೋದು ಅಂದರೇನು ಅಂತ ನಿಮಗೂ ಗೊತ್ತಿದ್ದರೆ ಒಳ್ಳೇದು, ನಿಂತು ನೋಡಬಹುದು. ಇಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಟ್ಯಾಂಕನ್ನ ಬೈಕಿನಿಂದ ಪೂರ್ತಿ ಬಿಚ್ಚಬೇಕು. ಪೆಟ್ರೋಲ್ ಕಾಕ್, ಮೀಟರ್‌ನ ಫ್ಲೋಟು ಎಲ್ಲ ತೆಗೀಬೇಕು. ಬಿಸಿನೀರಿಗೆ ಸೋಪಿನ ಪುಡಿ ಹಾಕಿ ಟ್ಯಾಂಕ್ ತುಂಬಿ, ಸ್ವಲ್ಪ ಹೊತ್ತು ಬಿಟ್ಟು, ಕುಲುಕಿ ಚೆಲ್ಲಬೇಕು. ಒಂದು ಸಲ ಅಲ್ಲ, ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪಸೆ ಕಾಣೋದು ನಿಲ್ಲೋವರೆಗೆ. ಆ ನೀರನ್ನ ಬಾವಿ ಪಕ್ಕ, ದನ ನೀರು ಕುಡಿಯೋ ಕಡೆ ಚೆಲ್ಲಬೇಡಿ. ಆಮೇಲೆ ಒಂದು ಗಂಟೆ ಬಿಸಿಲಿಗಿಟ್ಟು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಮತ್ತೆ ಮೊದಲಿನಿಂದ. ವಾಸನೆ ಬರಲಿಲ್ಲ ಅಂದಮಾತ್ರಕ್ಕೆ ಪೂರ್ತಿ ನಿರಾಳ ಅಂತಲೂ ಅಲ್ಲ, ಮೂಗು ಮೀಟರ್ ಅಲ್ಲ.

ಅದಕ್ಕೇ ತಿಳಿದ ವೆಲ್ಡರ್‌ಗಳು ತೊಳೆದ ಮೇಲೂ ಟ್ಯಾಂಕಿಗೆ ನೀರು ತುಂಬಿಕೊಂಡೇ ಬೆಸುಗೆ ಹಾಕೋದು. ಬೆಸುಗೆ ಬೀಳೋ ಜಾಗದ ಕೆಳಗೆ ಬೆರಳಷ್ಟು ಮಾತ್ರ ಖಾಲಿ ಉಳಿಯಬೇಕು. ಆವಿ ಸೇರೋಕೆ ಜಾಗವೇ ಇಲ್ಲದ ಹಾಗೆ. ತೂತು ತಳದಲ್ಲಿದ್ದರೆ ಟ್ಯಾಂಕ್ ಮಗುಚಿ, ಮುಚ್ಚಳ ಭದ್ರ ಮಾಡಿ, ಕಾಕ್ ಇದ್ದ ತೂತಿನಿಂದ ನೀರು ತುಂಬಿ, ಆ ತೂತನ್ನ ತೆರೆದೇ ಬಿಡಬೇಕು. ಎಲ್ಲ ಕಡೆ ಮುಚ್ಚಿದ ಟ್ಯಾಂಕನ್ನ ಕಾಯಿಸಿದರೆ ಬರಿ ನೀರಿನ ಹಬೆಗೇ ಅದು ಸಿಡಿದೀತು. ಇನ್ನೊಂದು ಬೈಕಿನ ಸೈಲೆನ್ಸರ್ ಹೊಗೆಯನ್ನ ಟ್ಯಾಂಕಿಗೆ ಬಿಟ್ಟು ಬೆಸುಗೆ ಹಾಕೋ ಪದ್ಧತಿಯೂ ಉಂಟು. ನನಗೆ ಅದು ಸರಿಬರಲ್ಲ. ಹೊಗೆ ಎಷ್ಟು ತುಂಬಿತು, ಗಾಳಿ ಎಷ್ಟು ಉಳಿಯಿತು ಅಂತ ಯಾರಿಗೂ ಕಾಣಲ್ಲ. ನೀರಾದರೆ ಕಣ್ಣಿಗೆ ಕಾಣುತ್ತೆ. ಇದೆಲ್ಲ ಕಲಿತ ಕೈಗಳ ಕೆಲಸ. ಯೂಟ್ಯೂಬ್ ನೋಡಿ ಕೊಟ್ಟಿಗೆಯಲ್ಲಿ ಮಾಡೋದಲ್ಲ.

ಇಷ್ಟಕ್ಕೂ ತುಕ್ಕಿನ ಸೂಜಿತೂತಿಗೆ ಬೆಸುಗೆಯೇ ಬೇಕಾ? ನನ್ನ ಅಭಿಪ್ರಾಯ ಕೇಳಿದರೆ ಬೇಡ. ಸವೆದ ತಗಡಿಗೆ ಜ್ವಾಲೆ ಹಿಡಿದರೆ ತೂತು ಮುಚ್ಚೋ ಬದಲು ಅಗಲ ಆಗುತ್ತೆ. ಚುಕ್ಕೆ ಹಾಕೋಕೆ ಹೋಗಿ ತೇಪೆ ಹಾಕಿ ಬರೋದು ಇದಕ್ಕೇ. ಅಂಚು ಸೀಳಿದ್ದರೆ, ಟ್ಯಾಂಕ್ ಕೂರೋ ಬ್ರಾಕೆಟ್ ಬಳಿ ಬಿರುಕು ಬಿಟ್ಟಿದ್ದರೆ ಬೆಸುಗೆ ಬೇಕು. ತುಕ್ಕಿನ ತೂತಿಗೆ ಮದ್ದು ಒಳಗಿನಿಂದ ಆಗಬೇಕು.

ನಲವತ್ತು ದಾಟಿದವರಿಗೆ ಕಲಾಯಿ ಹಾಕೋರು ನೆನಪಿರಬೇಕು. ತಿದಿ ಒತ್ತಿ ಇದ್ದಿಲು ಕೆಂಪಗೆ ಮಾಡಿಕೊಂಡು, ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ ಬಟ್ಟೆಯಲ್ಲಿ ಒರೆಸಿದರೆ ಪಾತ್ರೆ ಒಳಗೆಲ್ಲ ಬೆಳ್ಳಿ. ಆದರೆ ಆ ಮಾಯೆಗಿಂತ ಮೊದಲು ಅವರು ಪಾತ್ರೆಯೊಳಗೆ ಮರಳು ಹಾಕಿ ತಿಕ್ಕುತ್ತಿದ್ದರಲ್ಲ, ಅಸಲಿ ಕೆಲಸ ಅದು. ಕಿಲುಬು ಇದ್ದ ಕಡೆ ಕಲಾಯಿ ಕೂರಲ್ಲ. ಟ್ಯಾಂಕಿನೊಳಗೆ ಹಾಕೋ ಸೀಲರ್ ಕೂಡ ಒಂಥರಾ ಕಲಾಯಿಯೇ. ಎರಡು ಡಬ್ಬಿ ಕಲೆಸಿ ಟ್ಯಾಂಕಿನೊಳಗೆ ಹುಯ್ಯೋ ಎಪಾಕ್ಸಿ ಅದು. ಟ್ಯಾಂಕ್ ಸೀಲರ್, ಟ್ಯಾಂಕ್ ಲೈನರ್ ಅಂತ ಸಿಗುತ್ತೆ. ಹಳ್ಳಿಯ ಅಂಗಡಿಯಲ್ಲಿ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ತರಿಸಬಹುದು.

ಇಲ್ಲೂ ಮುಕ್ಕಾಲು ಕೆಲಸ ತೊಳೆಯೋದೇ. ಸೋಪುನೀರಿನ ಕೆಲಸ ಮುಗಿದ ಮೇಲೆ ತುಕ್ಕು ತೆಗೀಬೇಕು. ಹಳೇ ಸೈಕಲ್ ಚೈನಿನ ತುಂಡೊಂದನ್ನ ಟ್ಯಾಂಕಿಗೆ ಇಳಿಬಿಟ್ಟು, ಸ್ವಲ್ಪ ನೀರು ಹಾಕಿ ಚೆನ್ನಾಗಿ ಅಲುಗಾಡಿಸಿದರೆ ಚಕ್ಕೆ ಎದ್ದ ತುಕ್ಕು ಉದುರುತ್ತೆ. ಜಲ್ಲಿ, ನಟ್ಟು ಹಾಕೋರೂ ಇದ್ದಾರೆ. ಹಾಕುವಾಗ ಎಣಿಸಿ ಹಾಕಿ, ತೆಗೆಯುವಾಗ ಎಣಿಸಿ ತೆಗೀರಿ. ಚೈನಾದರೆ ಎಳೆದರೆ ಒಂದೇ ಸಲ ಬರುತ್ತೆ. ಉಳಿದ ತುಕ್ಕಿಗೆ ಹುಳಿ ಬೇಕು. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ಉಜ್ಜೋದು ಯಾಕೋ, ಇದೂ ಅದಕ್ಕೇ. ಸಿಟ್ರಿಕ್ ಆ್ಯಸಿಡ್ ಪುಡಿ, ಅಂದರೆ ನಿಂಬೆ ಉಪ್ಪು, ಬಿಸಿನೀರಿಗೆ ಹಾಕಿ ತುಂಬಿಸಿ ಒಂದು ರಾತ್ರಿ ಇಟ್ಟರೆ ಕೆಲಸ ಮಾಡುತ್ತೆ. ವಿನಿಗರ್ ಕೂಡ ಆಗುತ್ತೆ, ನಿಧಾನ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸು ಏಳುತ್ತೆ. ಕಕ್ಕಸಿಗೆ ಹಾಕೋ ಆ್ಯಸಿಡ್ ಮಾತ್ರ ಬೇಡವೇ ಬೇಡ. ಅದು ತುಕ್ಕಿನ ಜೊತೆ ಒಳ್ಳೇ ತಗಡನ್ನೂ ತಿನ್ನುತ್ತೆ, ಅದರ ಹಬೆ ಎದೆಗೂ ಕೆಟ್ಟದ್ದು. ಈ ಹುಳಿನೀರಿನ ಕೆಲಸದಲ್ಲಿ ಹೊಸ ತೂತು ಎರಡು ಮೂರು ಕಾಣಿಸಿಕೊಂಡರೆ ಹೆದರಬೇಡಿ. ಅವು ಮೊದಲೇ ಇದ್ದವು, ತುಕ್ಕೇ ಬೆಣೆಯಾಗಿ ಮುಚ್ಚಿಟ್ಟಿತ್ತು.

ಹುಳಿನೀರು ಚೆಲ್ಲಿ, ಅಡುಗೆ ಸೋಡ ಬೆರೆಸಿದ ನೀರಿನಲ್ಲಿ ಒಮ್ಮೆ, ಬರಿ ನೀರಿನಲ್ಲಿ ಎರಡು ಸಲ ತೊಳೆದು, ಕೂಡಲೇ ಒಣಗಿಸಬೇಕು. ತೊಳೆದ ಕಬ್ಬಿಣ ಒದ್ದೆಯಾಗಿ ಒಂದು ಗಂಟೆ ಕೂತರೆ ಮತ್ತೆ ಕೆಂಪಗಾಗುತ್ತೆ. ಕಡು ಬಿಸಿಲು ಅಥವಾ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ. ಒಂದು ಹನಿ ನೀರೂ ಇರಬಾರದು. ತೂತುಗಳ ಹೊರಮೈಯ ಬಣ್ಣ ಮರಳುಕಾಗದದಲ್ಲಿ ಉಜ್ಜಿ, ಬಿಳಿ ಕಬ್ಬಿಣ ಕಂಡಮೇಲೆ ಎಪಾಕ್ಸಿ ಮೆತ್ತಿ ಗಟ್ಟಿಯಾಗೋಕೆ ಬಿಡಬೇಕು. ಎಂ-ಸೀಲ್‌ನಂಥದ್ದಕ್ಕೆ ಸರಿಯಾದ ಕೆಲಸ ಇದು, ಒಳಗೆ ಲೈನರ್ ಬೀಳೋವರೆಗೆ ತೂತಿಗೆ ಆಸರೆ. ಆಮೇಲೆ ಸೀಲರ್ ಹುಯ್ದು ಟ್ಯಾಂಕನ್ನ ಎಲ್ಲ ಮಗ್ಗುಲಿಗೂ ಹೊರಳಿಸಬೇಕು, ದೋಸೆ ಕಾವಲಿಗೆ ಎಣ್ಣೆ ಹರಡಿದ ಹಾಗೆ. ಹೆಚ್ಚಾದದ್ದನ್ನ ಪೂರ್ತಿ ಬಸಿಯಬೇಕು, ಇಲ್ಲದಿದ್ದರೆ ತಳದಲ್ಲಿ ಗಡ್ಡೆಕಟ್ಟಿ ಕಾಕ್ ತೂತನ್ನೇ ಮುಚ್ಚುತ್ತೆ. ಡಬ್ಬಿಯ ಮೇಲೆ ಎಷ್ಟು ದಿನ ಒಣಗಬೇಕು ಅಂತ ಬರೆದಿರ್ತಾರೋ ಅಷ್ಟೂ ದಿನ ಪೆಟ್ರೋಲ್ ಹಾಕಬಾರದು. ಎರಡು ದಿನವೋ ನಾಲ್ಕು ದಿನವೋ ಇರುತ್ತೆ. ಕೊಳ್ಳುವಾಗ ಎಥನಾಲ್ ಪೆಟ್ರೋಲ್‌ಗೆ ತಡೆಯುತ್ತಾ ಅಂತ ನೋಡಿಕೊಳ್ಳಿ. ಮಾಮೂಲಿ ಫೈಬರ್ ಕೆಲಸದ ಪಾಲಿಯೆಸ್ಟರ್ ರೆಸಿನ್ ಎಥನಾಲ್‌ಗೆ ಮೆತ್ತಗಾಗಿ, ಸಿಪ್ಪೆ ಎದ್ದು, ಕಾರ್ಬೊರೇಟರ್‌ಗೆ ಹೋಗುತ್ತೆ.

ಒಂದು ಮಾತು: ಇದು ಕಾರ್ಬೊರೇಟರ್ ಇರೋ ಹಳೇ ಗಾಡಿಗಳಿಗೆ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದಮೇಲಿನ ಬೈಕುಗಳಲ್ಲಿ ಸಾಮಾನ್ಯವಾಗಿ ಟ್ಯಾಂಕಿನೊಳಗೇ ಪೆಟ್ರೋಲ್ ಪಂಪು ಇರುತ್ತೆ. ಅದನ್ನ ಬಿಚ್ಚದೆ ಹುಳಿನೀರು, ಸೀಲರ್ ಏನು ಹಾಕಿದರೂ ಟ್ಯಾಂಕಿಗಿಂತ ದುಬಾರಿ ಸಾಮಾನು ಹಾಳಾಗುತ್ತೆ. ಅದು ತಿಳಿದ ಮೆಕ್ಯಾನಿಕ್‌ಗೇ ಕೊಡಿ.

ತಳವೆಲ್ಲ ಜರಡಿ ಆಗಿದ್ದರೆ, ಬೆರಳಲ್ಲಿ ಒತ್ತಿದರೆ ತಗಡು ಕರಕರ ಅಂದರೆ ಯಾವ ಕಲಾಯಿಯೂ ಬೇಡ, ಟ್ಯಾಂಕ್ ಬದಲಿಸಿ. ಗುಜರಿಯಲ್ಲಿ ಹಳೇ ಟ್ಯಾಂಕ್ ತಗೊಳ್ಳೋರು ಹೊರಗಿನ ಬಣ್ಣ ನೋಡಬೇಡಿ, ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ಕಡ್ಡಿ ಗೀರಿ ನೋಡೋ ಗಂಡೆದೆಯವರಿಗೆ ನನ್ನಲ್ಲಿ ಮಾತಿಲ್ಲ.

"ಇಷ್ಟೆಲ್ಲ ಮಾಡೋಕೆ ಬಡವನ ಹತ್ರ ದುಡ್ಡೆಲ್ಲಿದೆ, ಪೇಪರ್‌ನೋರು ಸುಲಭವಾಗಿ ಹೇಳಿಬಿಡ್ತೀರ" ಅಂತ ಯಾರಾದರೂ ಅಂದೇ ಅಂತೀರಿ. ಆ ಮಾತನ್ನ ನಾನು ತಳ್ಳಿಹಾಕಲ್ಲ. ಸೀಲರ್ ಡಬ್ಬಿ ಅಗ್ಗ ಅಲ್ಲ. ಆದರೆ ತೊಳೆಯೋದಕ್ಕೆ ಬೇಕಾದ್ದು ನೀರು, ಸೋಪುಪುಡಿ, ಅರ್ಧ ದಿನ. ನಿಂಬೆ ಉಪ್ಪು ಕಿರಾಣಿ ಅಂಗಡಿಯ ಸಾಮಾನು. ಬೆಂಕಿ ಹತ್ತಿರ ಹೋಗದ ಈ ಕೆಲಸಗಳನ್ನ ಬಯಲಿನಲ್ಲಿ, ಒಲೆಯಿಂದ ದೂರ, ನೀವೇ ಮಾಡಿಕೊಂಡು ತೊಳೆದ ಟ್ಯಾಂಕ್ ಹಿಡಿದು ಅಂಗಡಿಗೆ ಹೋಗಬಹುದು. ಅಂಗಡಿಯವನು ಮತ್ತೆ ತೊಳೀಬೇಕು ಅಂದರೆ ತೊಳೆಯಲಿ, ಬೇಸರ ಮಾಡಿಕೊಳ್ಳಬೇಡಿ. ಇನ್ನೊಂದು ಕಡೆ ನೋಡಿದರೆ, ನಾವು ಬಡವ ಅನ್ನೋದು ಗಿರಾಕಿಯನ್ನ ಮಾತ್ರ. ರಸ್ತೆ ಬದಿ ಶೀಟಿನ ಶೆಡ್ಡಿನಲ್ಲಿ ಗ್ಯಾಸು ಸಿಲಿಂಡರ್ ಇಟ್ಟುಕೊಂಡು ಕೂತವನು ಯಾವ ಸಾಹುಕಾರ? ಅವನ ಕೈ ಸುಟ್ಟರೆ ಅವನ ಅಂಗಡಿಯೇ ಸುಟ್ಟ ಹಾಗೆ.

ಗ್ಯಾರೇಜಿಗೆ ಲೈಸೆನ್ಸ್ ಕೊಡೋ ಗ್ರಾಮ ಪಂಚಾಯ್ತಿಯವರು ಫೀಸು ಕಟ್ಟಿಸಿಕೊಳ್ಳುವಾಗ ಒಂದು ಡ್ರಮ್ ನೀರು, ಎರಡು ಬಕೆಟ್ ಮರಳು ಇದೆಯಾ ಅಂತ ಒಂದು ಸಲ ನೋಡಿ ಬಂದರೂ ಸಾಕು. ಮೋಟಾರು ಸಾರಿಗೆ ಮತ್ತು ಅದಕ್ಕೆ ಸಂಬಂಧಿಸಿದ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತ ರಾಜ್ಯ ಸರ್ಕಾರ 2024ರಲ್ಲಿ ಕಾಯ್ದೆ ತಂದಿದೆ, ಗ್ಯಾರೇಜು ಕೆಲಸಗಾರರೂ ಅದರ ವ್ಯಾಪ್ತಿಗೆ ಬರ್ತಾರೆ. ಕಾರ್ಮಿಕ ಇಲಾಖೆಯಲ್ಲಿ ಹೆಸರು ನೋಂದಾಯಿಸಿದ್ದೀರಾ ಅಂತ ನಿಮ್ಮ ಮೆಕ್ಯಾನಿಕ್ ಅಣ್ಣನನ್ನ ಮುಂದಿನ ಸಲ ಹೋದಾಗ ಕೇಳಿ.

ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಬೆಂಕಿ ನೀರಿನ ಮೇಲೆ ತೇಲಿ ಹರಡುತ್ತೆ, ಮರಳು ಸುರೀರಿ ಅಥವಾ ಒದ್ದೆ ಗೋಣಿಚೀಲ ಮುಚ್ಚಿ. ಮೈ ಸುಟ್ಟರೆ ಮಾತ್ರ ನೀರೇ ಮದ್ದು. ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಪೇಸ್ಟು, ಇಂಕು, ಹಿಟ್ಟು ಬಳಿಯಬೇಡಿ. ಆಗಲೇ 108ಕ್ಕೆ ಫೋನ್ ಹೋಗಿರಬೇಕು.

ರಿಪೇರಿ ಆದ ಟ್ಯಾಂಕಿಗೆ ಮೊದಲ ದಿನ ಒಂದು ಲೀಟರ್ ಮಾತ್ರ ಹಾಕಿ. ಬೈಕನ್ನ ಹೊರಗೇ ನಿಲ್ಲಿಸಿ, ಟ್ಯಾಂಕಿನ ನೇರ ಕೆಳಗೆ ಹಳೇ ಪೇಪರ್ ಹಾಸಿ, ಗಾಳಿಗೆ ಹಾರದ ಹಾಗೆ ಕಲ್ಲಿಡಿ. ಪೆಟ್ರೋಲ್ ಬೇಗ ಆರುತ್ತೆ, ಹಾಗಾಗಿ ಬರಿ ಬೆಳಗ್ಗೆ ನೋಡಿದರೆ ಸಾಲದು, ರಾತ್ರಿ ಮಲಗೋ ಮುಂಚೆ ಒಂದು ಸಲ ನೋಡಿ. ಪೇಪರ್ ಒಣಗಿದ್ದು, ಅಂಚಿನ ಮಡಿಕೆ ಬೆರಳಿಗೆ ಒದ್ದೆ ತಾಗದಿದ್ದರೆ ಮರುದಿನ ತುಂಬಿಸಿ ಇನ್ನೊಂದು ಸಲ ಹೀಗೇ ನೋಡಿ. ಆಮೇಲೆ ಬೇಕಾದರೆ ನಡುಮನೆಗೆ ಹತ್ತಿಸಿ.